ಸಂಜೆಯಾದರೆ ಗುಂಯ್‌ಗುಡುವ ಟ್ಯೂಬ್ ಡ್ಯಾಕ್: ದುಡ್ಡು ಮೊದಲು ಎಲ್ಲಿಗೆ?

ಪ್ರಶ್ನೆ: ಕಿಟ್ ತರಿಸಿ ನಾನೇ ಜೋಡಿಸಿದ ಟ್ಯೂಬ್ ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನು ಆಂಪ್ಲಿಫೈಯರಿಗೆ ಕೊಡುವ ಸಂಗೀತದ ಅಲೆಯಾಗಿ ಬದಲಿಸುವ ಪೆಟ್ಟಿಗೆ) ಒಂದಿದೆ. ಒಳಗೆ ಟಿಡಿಎ1541ಎ ಚಿಪ್, ಅದಕ್ಕೆ ಮುಂಚೆ ಡಿಜಿಟಲ್ ಸಿಗ್ನಲ್ ಹಿಡಿದುಕೊಡುವ ಸಿಎಸ್8412 ರಿಸೀವರ್, ಕೊನೆಯಲ್ಲಿ ಚಾನೆಲ್‌ಗೊಂದು ಇಸಿಸಿ88 ಟ್ಯೂಬ್. ಡಿಜಿಟಲ್ ಫಿಲ್ಟರ್ ಇಲ್ಲ. ಹಳೇ ವಾಲ್ವ್ ಆಂಪ್ಲಿಫೈಯರಿಗೆ ಕೊಟ್ಟಿದ್ದಾಗ ಸೊಗಸಾಗಿತ್ತು. ಈಗ ಕ್ಲಾಸ್ ಡಿ ಎಂಬ ಬಗೆಯ ಆಂಪ್ಲಿಫೈಯರ್ ಬೋರ್ಡಿಗೆ ಕೊಟ್ಟ ಮೇಲೆ ಮೃದಂಗದ ತೊಪ್ಪಿಯೇ (ಎಡಗಡೆಯ ಮಂದ್ರ ಮುಖ) ಕೇಳುತ್ತಿಲ್ಲ, ಒಟ್ಟು ಸದ್ದು ತೆಳ್ಳಗಾಗಿದೆ. ಬೇಸಿಗೆ ಶುರುವಾದಾಗಿನಿಂದ ಸಂಜೆ ಏಳರಿಂದ ಹತ್ತರವರೆಗೆ ಗುಂಯ್ ಎನ್ನುವ ಸದ್ದು ಬೇರೆ. ರಾತ್ರಿ ಹನ್ನೊಂದಾದರೆ ತಾನಾಗಿ ನಿಲ್ಲುತ್ತದೆ. ಹಳೇ ಹಾಲೆಂಡ್ ಟ್ಯೂಬು, ಕಿರೀಟ ಗುರುತಿನ ಚಿಪ್ಪು, ಆಮದು ಕೆಪಾಸಿಟರ್ ಹಾಕಿಸು ಎಂದು ಸ್ನೇಹಿತರ ಸಲಹೆ. ಹದಿನೈದು ಸಾವಿರ ತೆಗೆದಿಟ್ಟಿದ್ದೇನೆ. ಯಾವುದನ್ನು ಮೊದಲು ಮಾಡಲಿ? ಮನೆಯಲ್ಲಿ ಒಂದು ಜೊತೆ 12ಎಯು7 ಇದೆ, ಹಾಕಿ ನೋಡಬಹುದೇ? ಸರ್ಕ್ಯೂಟ್ ಚಿತ್ರ ಮತ್ತು ಫೋಟೋ ಕಳಿಸಿದ್ದೇನೆ. (ಶಿಡ್ಲಘಟ್ಟದ ಓದುಗರು)

ಉತ್ತರ: ಸರ್ಕ್ಯೂಟ್ ಚಿತ್ರ ಕಳಿಸಿದ್ದರಿಂದ ಊಹೆ ಮಾಡುವ ಕೆಲಸ ತಪ್ಪಿತು. ಸ್ನೇಹಿತರು ಹೇಳಿದ ಮೂರು ಸಾಮಾನೂ ಸದ್ಯಕ್ಕೆ ಬೇಡ. ಸದ್ದು ತೆಳ್ಳಗಾಗಿರುವುದು ಔಟ್‌ಪುಟ್ಟಿನ ಕೆಪಾಸಿಟರಿನಿಂದ. ಸಂಜೆಯ ಗುಂಯ್ ಬರುತ್ತಿರುವುದು, ನನ್ನ ಅಂದಾಜು ಸರಿಯಾಗಿದ್ದರೆ, ಟ್ರಾನ್ಸ್‌ಫಾರ್ಮರಿನಿಂದ. ನೀವು ಕೇಳದೆ ಇರುವ ಮೂರನೆಯ ತೊಂದರೆಯೂ ಒಂದಿದೆ. ಚಿಪ್ಪಿಗೂ ಟ್ಯೂಬಿಗೂ ನಡುವೆ ಕೂತಿರುವ 100 ಓಮ್ ರೆಸಿಸ್ಟರ್ ಅದು, ನನ್ನ ಮಟ್ಟಿಗೆ ಇಡೀ ಪೆಟ್ಟಿಗೆಯಲ್ಲಿ ಮುಖ್ಯವಾದದ್ದು ಅದೇ. 12ಎಯು7 ಮಾತ್ರ ಹಾಕಬೇಡಿ. ಕಾರಣ ಮುಂದೆ ಬರುತ್ತದೆ.

ಮುಚ್ಚಳ ತೆಗೆಯುವ ಮೊದಲು ಒಂದು ಮಾತು. ನಿಮ್ಮ ಪೆಟ್ಟಿಗೆಯಲ್ಲಿ 200 ವೋಲ್ಟ್ ಡಿಸಿ ಇದೆ. ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರಿನಲ್ಲಿ ಉಳಿದಿರುತ್ತದೆ, ಯಾಕೆಂದರೆ ಚಿತ್ರದಲ್ಲಿ ಅದನ್ನು ಇಳಿಸುವ ರೆಸಿಸ್ಟರೇ ಕಾಣುತ್ತಿಲ್ಲ. ಮೊಟ್ಟಮೊದಲು ಆ 100 ಮೈಕ್ರೋಫ್ಯಾರಡ್ ಕೆಪಾಸಿಟರಿನ ಎರಡು ಕಾಲಿಗೆ 220 ಕಿಲೋ ಓಮ್, 1 ವಾಟ್ ರೆಸಿಸ್ಟರ್ ಬೆಸೆಯಿರಿ. ಸುಮಾರು ಎರಡು ನಿಮಿಷದಲ್ಲಿ ವೋಲ್ಟೇಜ್ ಇಳಿದುಹೋಗುತ್ತದೆ. ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. 200 ವೋಲ್ಟ್ ಡಿಸಿ ಕೈ ಬಿಡಿಸಿಕೊಳ್ಳಲು ಬಿಡುವುದಿಲ್ಲ.

ಈಗ ತೊಪ್ಪಿಯ ವಿಚಾರ. ಟ್ಯೂಬಿನಿಂದ ಹೊರಗೆ ಬರುವ ದಾರಿಯಲ್ಲಿ 0.22 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ. ಟ್ಯೂಬಿನ ಕ್ಯಾಥೋಡಿನ (ಸಿಗ್ನಲ್ ಹೊರಬರುವ ಕಾಲು) ಮೇಲಿರುವ ಸುಮಾರು 85 ವೋಲ್ಟ್ ಡಿಸಿ ಆಂಪ್ಲಿಫೈಯರಿಗೆ ಹೋಗದಂತೆ ತಡೆಯುವುದು ಅದರ ಕೆಲಸ. ಆದರೆ ಅದೂ ಮುಂದಿನ ಆಂಪ್ಲಿಫೈಯರಿನ ಇನ್‌ಪುಟ್ ರೆಸಿಸ್ಟರೂ ಸೇರಿ ಕೆಳಗಿನ ಸ್ವರಗಳನ್ನು ಕತ್ತರಿಸುವ ಫಿಲ್ಟರ್ ಆಗುತ್ತವೆ. ಹಳೇ ವಾಲ್ವ್ ಆಂಪ್ಲಿಫೈಯರಿನ ಇನ್‌ಪುಟ್ 100 ಕಿಲೋ ಓಮ್ ಇದ್ದಿರಬೇಕು. ಹಾಗಿದ್ದರೆ ಕತ್ತರಿ ಬೀಳುತ್ತಿದ್ದುದು 7 ಹರ್ಟ್ಸ್‌ನಲ್ಲಿ, ಕಿವಿಗೆ ಲೆಕ್ಕಕ್ಕೇ ಇಲ್ಲ. ನೀವು ಫೋಟೋದಲ್ಲಿ ತೋರಿಸಿರುವ ಕ್ಲಾಸ್ ಡಿ ಬೋರ್ಡಿನ ಇನ್‌ಪುಟ್ 10 ಕಿಲೋ ಓಮ್. ಅದೇ 0.22ರ ಜೊತೆ ಕತ್ತರಿ 72 ಹರ್ಟ್ಸ್‌ಗೆ ಏರಿತು. 100 ಹರ್ಟ್ಸ್‌ನಲ್ಲಿ ಹತ್ತಿರಹತ್ತಿರ 2 ಡೆಸಿಬೆಲ್, 50 ಹರ್ಟ್ಸ್‌ನಲ್ಲಿ 5 ಡೆಸಿಬೆಲ್ ಹೋಯಿತು. ತೊಪ್ಪಿಯ ಗುಮುಕಿ, ತಂಬೂರಿಯ ಮಂದ್ರದ ತಂತಿ ಎಲ್ಲ ಇರುವುದು ಅಲ್ಲೇ. ಡ್ಯಾಕ್ ಕೆಟ್ಟಿಲ್ಲ, ಟ್ಯೂಬ್ ಸವೆದಿಲ್ಲ.

ಇದಕ್ಕೆ ಆಮದು ಕೆಪಾಸಿಟರ್ ಬೇಕಿಲ್ಲ. ಊರಿನ ಯಾವುದೇ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಸೀಲಿಂಗ್ ಫ್ಯಾನಿನ ಕೆಪಾಸಿಟರ್ ಎರಡು ಕೊಡಿ ಅನ್ನಿ. ಮೈಮೇಲೆ 2.5 ಎಂಎಫ್‌ಡಿ, 440 ವೋಲ್ಟ್ ಎಸಿ ಎಂದು ಬರೆದಿರುತ್ತದೆ. ಒಳಗಿರುವುದು ಪಾಲಿಪ್ರೊಪಿಲೀನ್ ಫಿಲ್ಮ್. ದುಬಾರಿ ಆಡಿಯೋ ಕೆಪಾಸಿಟರುಗಳಲ್ಲಿ ಇರುವುದೂ ಅದೇ ಜಾತಿಯ ಪ್ಲಾಸ್ಟಿಕ್. 440 ವೋಲ್ಟ್ ಎಸಿ ತಾಳುವಂಥದ್ದಕ್ಕೆ ನಿಮ್ಮ 85 ವೋಲ್ಟ್ ಡಿಸಿ ಏನೂ ಅಲ್ಲ. 10 ಕಿಲೋ ಓಮ್ ಜೊತೆ ಕತ್ತರಿ 6.4 ಹರ್ಟ್ಸ್‌ಗೆ ಇಳಿಯುತ್ತದೆ. ಗಾತ್ರ ದೊಡ್ಡದು, ಬೋರ್ಡಿನ ಮೇಲೆ ಕೂರುವುದಿಲ್ಲ. ಪೆಟ್ಟಿಗೆಯ ಹಿಂಬದಿ ಗೋಡೆಗೆ, ಟ್ರಾನ್ಸ್‌ಫಾರ್ಮರಿನಿಂದ ಆದಷ್ಟು ದೂರ, ಕ್ಲಾಂಪ್ ಹಾಕಿ ಕೂರಿಸಿ ಗಿಡ್ಡ ತಂತಿ ಎಳೆಯಿರಿ. ಹೊರಗಿನ ತುದಿಯಿಂದ ಗ್ರೌಂಡಿಗೆ 470 ಕಿಲೋ ಓಮ್ ರೆಸಿಸ್ಟರ್ ಒಂದಿರಲಿ, ಇಲ್ಲದಿದ್ದರೆ ಕೇಬಲ್ ಚುಚ್ಚಿದಾಗ ಸ್ಪೀಕರ್ ಧಡ್ ಎನ್ನುತ್ತದೆ. ಕೆಪಾಸಿಟರ್ ದೊಡ್ಡದಾದಷ್ಟೂ ಆನ್ ಮಾಡುವಾಗಿನ ತಳ್ಳು ಜಾಸ್ತಿ, ಹಾಗಾಗಿ ಡ್ಯಾಕ್ ಮೊದಲು ಆನ್ ಮಾಡಿ, ಒಂದು ನಿಮಿಷ ಬಿಟ್ಟು ಆಂಪ್ಲಿಫೈಯರ್. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು.

ಇಷ್ಟಕ್ಕೇ ನಿಮ್ಮ ಅರ್ಧ ದೂರು ಮುಗಿಯುತ್ತದೆ. ಇನ್ನು ಗುಂಯ್.

ಹೊತ್ತು ನೋಡಿ ಬಂದು ಹೊತ್ತು ನೋಡಿ ಹೋಗುವ ಹಮ್ ಅಂದರೆ ಮೊದಲು ಲೈನ್ ವೋಲ್ಟೇಜ್ ಅಳೆಯಬೇಕು. ಬೇಸಿಗೆಯಲ್ಲಿ ನಮ್ಮ ತುಮಕೂರಿನ ಕಡೆ ತೋಟದ ಪಂಪ್‌ಸೆಟ್‌ಗಳು, ನಿಮ್ಮಲ್ಲಿ ಪಂಪ್‌ಸೆಟ್ ಜೊತೆಗೆ ರೇಷ್ಮೆ ರೀಲಿಂಗ್ ಘಟಕಗಳ ಮೋಟಾರುಗಳು, ಮೇಲೆ ಮನೆಮನೆಯ ಫ್ಯಾನು, ಕೂಲರು. ಸಂಜೆಯ ಹೊತ್ತು 230 ಇರಬೇಕಾದದ್ದು 190, 180ಕ್ಕೆ ಕೂರುವ ಬೀದಿಗಳಿವೆ. ಎಲ್‌ಇಡಿ ಬಲ್ಬಿಗೆ, ಫೋನ್ ಚಾರ್ಜರಿಗೆ ಇದು ತಿಳಿಯುವುದೇ ಇಲ್ಲ. ನಿಮ್ಮ ಡ್ಯಾಕ್‌ಗೆ ತಿಳಿಯುತ್ತದೆ.

ಲೆಕ್ಕ ಹೀಗಿದೆ. ಟಿಡಿಎ1541ಎ ಚಿಪ್ಪಿಗೆ ಮೂರು ಸಪ್ಲೈ ಬೇಕು: +5, -5 ಮತ್ತು -15. ಕೊನೆಯದನ್ನು ಕೊಡುತ್ತಿರುವುದು 7915 ರೆಗ್ಯುಲೇಟರ್, ಅದಕ್ಕೆ ಊಟ ಹಾಕುತ್ತಿರುವುದು ಟ್ರಾನ್ಸ್‌ಫಾರ್ಮರಿನ 15-0-15 ವೈಂಡಿಂಗ್. ಲೈನಿನಲ್ಲಿ 230 ಇದ್ದಾಗ 15 ವೋಲ್ಟ್ ಎಸಿ ಡಯೋಡ್ ದಾಟಿ 20 ಚಿಲ್ಲರೆ ವೋಲ್ಟ್ ಡಿಸಿ ಆಗುತ್ತದೆ. ರೆಗ್ಯುಲೇಟರ್ ತನ್ನ 15 ವೋಲ್ಟನ್ನು ಸ್ಥಿರವಾಗಿ ಹಿಡಿದಿಡಲು ಒಳಬರುವ ವೋಲ್ಟೇಜ್ ಕನಿಷ್ಠ 17 ಬೇಕು, ಅದೂ ಅಲೆಯ ತಗ್ಗಿನಲ್ಲಿ. ಲೈನ್ 195ರ ಆಸುಪಾಸಿಗೆ ಬಂದರೆ ಈ 17 ಉಳಿಯುವುದಿಲ್ಲ. ಆಗ ರೆಗ್ಯುಲೇಟರ್ ಕೈಚೆಲ್ಲುತ್ತದೆ. ಸೆಕೆಂಡಿಗೆ ನೂರು ಸಲ ಬರುವ ತಗ್ಗು ಹಾಗೇ ಹಾದು ಚಿಪ್ಪಿಗೆ ಹೋಗಿ ಸಂಗೀತದ ಮೇಲೆ ಕೂರುತ್ತದೆ. ರಾತ್ರಿ ಹನ್ನೊಂದಕ್ಕೆ ಲೈನ್ ಏರುತ್ತದೆ, ಸದ್ದು ಮಾಯ.

ಇದನ್ನು ನಂಬಬೇಡಿ, ಅಳೆಯಿರಿ. ಸಂಜೆ ಗುಂಯ್ ಇದ್ದಾಗ 7915ರ ಒಳಗಾಲಿನಲ್ಲಿ ಎಷ್ಟು ಡಿಸಿ ಇದೆ ನೋಡಿ. ಆಮೇಲೆ ಮೀಟರನ್ನು ಎಸಿಗೆ ತಿರುಗಿಸಿ, ಒಂದು ಸಣ್ಣ ಫಿಲ್ಮ್ ಕೆಪಾಸಿಟರನ್ನು ಸರಣಿಯಲ್ಲಿಟ್ಟು, ಹೊರಗಾಲಿನಲ್ಲಿ ನೋಡಿ. ಸರಿಯಿರುವ ರೆಗ್ಯುಲೇಟರಿನಲ್ಲಿ ಸಾಧಾರಣ ಮೀಟರ್ ಏನೂ ತೋರಿಸುವುದಿಲ್ಲ. ಹತ್ತಾರು ಮಿಲಿವೋಲ್ಟ್ ಕಂಡರೆ ಕಳ್ಳ ಸಿಕ್ಕಿದ. ಫೋನಿನ ಸ್ಪೆಕ್ಟ್ರಮ್ ಆಪ್ ಸ್ಪೀಕರಿನ ಮುಂದೆ ಹಿಡಿದರೂ ಗೊತ್ತಾಗುತ್ತದೆ. ಎತ್ತರದ ಗೆರೆ 100 ಹರ್ಟ್ಸ್‌ನಲ್ಲಿದ್ದರೆ ಅದು ಸಪ್ಲೈ. 50ರಲ್ಲಿದ್ದರೆ ಕಥೆ ಬೇರೆ: ಗ್ರೌಂಡ್ ಲೂಪ್ (ಎರಡು ಪೆಟ್ಟಿಗೆಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಸುತ್ತಾಗುವುದು), ಇಲ್ಲವೇ ಹೀಟರಿನ (ಟ್ಯೂಬನ್ನು ಒಳಗಿಂದ ಕಾಯಿಸುವ ತಂತಿ) ಎಸಿ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಟ್ಯೂಬಿನ ಪಕ್ಕದಲ್ಲೇ ಕೂತಿರುವುದು.

ಹೀಟರನ್ನೂ ಇಲ್ಲೇ ನೋಡಿಬಿಡೋಣ. ಇಸಿಸಿ88ಗೆ 6.3 ವೋಲ್ಟ್ ಬೇಕು, ಶೇ 10 ಆಚೀಚೆಯಾದರೆ ಪರವಾಗಿಲ್ಲ. ಲೈನ್ 180 ಆದಾಗ ನಿಮ್ಮ ಟ್ಯೂಬಿಗೆ ಸಿಗುತ್ತಿರುವುದು 4.9. ಅಂದರೆ ಸಂಜೆಯ ಕಛೇರಿ ಅರೆಬಿಸಿ ಟ್ಯೂಬಿನಲ್ಲಿ ನಡೆಯುತ್ತಿದೆ.

ಹಾಗಾಗಿ ಖರ್ಚಿನ ಮೊದಲ ದೊಡ್ಡ ಬಾಬ್ತು ಒಂದು ಹೊಸ ಟ್ರಾನ್ಸ್‌ಫಾರ್ಮರ್. 200 ವೋಲ್ಟಿನ ಈಗಿನದನ್ನು ಹಾಗೇ ಬಿಡಿ, ಚಿಕ್ಕದೊಂದನ್ನು ಜೊತೆಗೆ ಸೇರಿಸಿ: 18-0-18, 250 ಮಿಲಿಆಂಪ್; ಬೇರೆ ವೈಂಡಿಂಗ್ 10 ವೋಲ್ಟ್, 2 ಆಂಪ್. 40 ವಿಎ ಕೋರ್ ಸಾಕು. 18-0-18 ಒಂದೇ ಆದರೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿದ್ಧವಾಗಿ ಸಿಗುತ್ತದೆ. ಎರಡೂ ಒಟ್ಟಿಗೆ ಬೇಕೆಂದರೆ ಸುತ್ತಿಸಬೇಕು. ಬೋರ್‌ವೆಲ್ ಮೋಟಾರ್ ಸುಟ್ಟರೆ ಕೊಂಡೊಯ್ಯುತ್ತೇವಲ್ಲ, ಆ ವೈಂಡಿಂಗ್ ಅಂಗಡಿಯವರಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವವರೂ ಇರುತ್ತಾರೆ, ನಿಮ್ಮ ಜಿಲ್ಲೆಯಲ್ಲಿ ಅಂಥ ಅಂಗಡಿಗೆ ಬರವಿಲ್ಲ. ಹೇಳುವಾಗ ಲೋಡ್ ಮೇಲಿನ ವೋಲ್ಟೇಜ್ ಎಂದು ಒತ್ತಿ ಹೇಳಿ. ಇನ್ನೊಂದು ಕೇಳಿ ಮಾಡಿಸಿಕೊಳ್ಳಿ: ಪ್ರೈಮರಿ ಸುತ್ತಿ ಮುಗಿದ ಮೇಲೆ, ಸೆಕೆಂಡರಿ ಶುರುವಾಗುವ ಮುಂಚೆ, ತೆಳು ತಾಮ್ರದ ಹಾಳೆ ಒಂದು ಸುತ್ತು. ಹಾಳೆಯ ಎರಡು ತುದಿ ಒಂದರ ಮೇಲೊಂದು ಬರಬೇಕು, ಆದರೆ ನಡುವೆ ಇನ್ಸುಲೇಷನ್ ಕಾಗದ ಇರಲೇಬೇಕು. ತುದಿಗಳು ಮುಟ್ಟಿದರೆ ಅದೇ ಒಂದು ಶಾರ್ಟ್ ಆದ ಸುತ್ತಾಗಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಹಾಳೆಗೆ ಬೆಸೆದ ತಂತಿಯನ್ನು ಹೊರತಂದು ಅರ್ಥ್‌ಗೆ ಕೊಡಬೇಕು. ಮೋಟಾರುಗಳು, ಸ್ವಿಚ್‌ಗಳು ಲೈನಿಗೆ ಚೆಲ್ಲುವ ಚಟಪಟ ಸದ್ದಿನಲ್ಲಿ ಬಹಳಷ್ಟನ್ನು ಈ ಹಾಳೆಯೇ ಹೀರಿಕೊಳ್ಳುತ್ತದೆ.

18-0-18 ಹಾಕಿದಾಗ ಮರೆಯಬಾರದ್ದು: ಈಗ ಬೋರ್ಡಿನ ಮೇಲಿರುವ ಫಿಲ್ಟರ್ ಕೆಪಾಸಿಟರುಗಳು 25 ವೋಲ್ಟಿನವು. ನಡುರಾತ್ರಿ ಲೈನ್ 250ಕ್ಕೆ ಏರಿದರೆ ಅಲ್ಲಿ 27 ದಾಟುತ್ತದೆ. 50 ವೋಲ್ಟಿನವನ್ನು ಹಾಕಿ. ರೆಗ್ಯುಲೇಟರ್ 35ರವರೆಗೆ ತಾಳುತ್ತದೆ, ತೊಂದರೆಯಿಲ್ಲ. ಅತ್ತ ಲೈನ್ 180ಕ್ಕೆ ಇಳಿದರೂ ಒಳಗೆ 19 ಉಳಿಯುತ್ತದೆ. 10 ವೋಲ್ಟ್ ವೈಂಡಿಂಗಿಗೆ ಬ್ರಿಡ್ಜ್, 4700 ಮೈಕ್ರೋಫ್ಯಾರಡ್, ಆಮೇಲೆ 1085 ಎಂಬ ಲೋ ಡ್ರಾಪ್ ರೆಗ್ಯುಲೇಟರಿನಲ್ಲಿ 6.3 ವೋಲ್ಟ್ ಡಿಸಿ ಮಾಡಿಕೊಂಡು ಹೀಟರಿಗೆ ಕೊಡಿ. ಹೀಟರಿನ ಎಸಿಯಿಂದ ಬರುವ 50 ಹರ್ಟ್ಸ್ ಹಮ್ಮೂ ಇದರ ಜೊತೆಗೇ ಹೋಗುತ್ತದೆ. ರೆಗ್ಯುಲೇಟರ್ ಬಿಸಿಯಾಗುತ್ತದೆ, ದೊಡ್ಡ ಹೀಟ್‌ಸಿಂಕ್ ಹಾಕಿ.

ಸ್ಟೆಬಿಲೈಸರ್ ಹಾಕಿದರೆ ಆಗದೇ ಎಂದು ಕೇಳುತ್ತೀರಿ. ಆಗುತ್ತದೆ. ಆದರೆ ರಿಲೇ ಸ್ಟೆಬಿಲೈಸರ್ ಟಪ್ ಎಂದು ವೋಲ್ಟೇಜ್ ಹಂತ ಬದಲಿಸಿದಾಗೆಲ್ಲ ಸ್ಪೀಕರಿನಲ್ಲಿ ಕೇಳುತ್ತದೆ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಚೌಕದ ಅಲೆ ಕೊಡುವಂಥದ್ದಾದರೆ ಅದರ ಮೇಲೆ ಡ್ಯಾಕ್ ಓಡಿಸಬೇಡಿ, ಟ್ರಾನ್ಸ್‌ಫಾರ್ಮರೇ ಗೊರಗುಟ್ಟುತ್ತದೆ.

ಅರ್ಥಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೆ ಫೋಟೋದಲ್ಲಿ ಎರಡು ಪಿನ್ನಿನ ಪ್ಲಗ್ ಕಂಡಿತು. ಲೋಹದ ಪೆಟ್ಟಿಗೆ, ಒಳಗೆ 200 ವೋಲ್ಟ್, ಹೊರಗೆ ಎರಡು ಪಿನ್: ಇವತ್ತೇ ಬದಲಾಯಿಸಿ. ಮೂರು ಪಿನ್ನಿನ ಕೇಬಲ್ ತಂದು, ಹಸಿರು ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಬೋಲ್ಟ್, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಹಮ್ ಬಂತು ಎಂದು ಅರ್ಥ್ ಪಿನ್ ಕತ್ತರಿಸುವ ಅಭ್ಯಾಸ ಬಹಳ ಜನಕ್ಕಿದೆ, ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಹಮ್ ಬಿಡಿಸಬೇಕಿದ್ದರೆ ಸರ್ಕ್ಯೂಟಿನ ಗ್ರೌಂಡನ್ನು ಒಂದೇ ಒಂದು ಜಾಗದಲ್ಲಿ, 10 ಓಮ್ ರೆಸಿಸ್ಟರ್ ಮತ್ತು ಅದಕ್ಕೆ ಸಮಾಂತರವಾಗಿ ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಪೆಟ್ಟಿಗೆಗೆ ಕಟ್ಟಿ. ಸಿಗ್ನಲ್ ತರುವ ಟಿವಿ ಅಥವಾ ಕಂಪ್ಯೂಟರಿನಿಂದ ಆಪ್ಟಿಕಲ್ ಕೇಬಲ್ ಎಳೆದರೆ ಅತ್ತಲಿನ ಲೂಪ್ ತಾನಾಗಿ ಕಡಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಒಣ ಕಲ್ಲುನೆಲದಲ್ಲಿ ಬೇಸಿಗೆಯ ಹೊತ್ತಿಗೆ ಅರ್ಥ್ ಗುಂಡಿ ಒಣಗಿ ಹೆಸರಿಗಷ್ಟೇ ಉಳಿದಿರುತ್ತದೆ. ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟಿಗಿಂತ ಜಾಸ್ತಿ ಕಂಡರೆ ಗುಂಡಿಗೆ ನಾಲ್ಕು ಬಿಂದಿಗೆ ನೀರು ಹೊಯ್ದು ಮತ್ತೆ ಅಳೆದು ನೋಡಿ. ಆಗಲೂ ಇಳಿಯದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಈಗ ಆ 100 ಓಮ್ ರೆಸಿಸ್ಟರಿಗೆ ಬರೋಣ. ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಕಿಟ್‌ನ ನಿಜವಾದ ಮಿತಿ ಇದೇ.

ಟಿಡಿಎ1541ಎ ಹೊರಗೆ ಕೊಡುವುದು ವೋಲ್ಟೇಜ್ ಅಲ್ಲ, ಕರೆಂಟ್. ಸಂಗೀತಕ್ಕೆ ತಕ್ಕಂತೆ 0ಯಿಂದ 4 ಮಿಲಿಆಂಪ್‌ವರೆಗೆ ತನ್ನೊಳಗೆ ಎಳೆದುಕೊಳ್ಳುತ್ತದೆ. ಮೌನದಲ್ಲಿ 2 ಮಿಲಿಆಂಪ್. ಆ ಕರೆಂಟನ್ನು ವೋಲ್ಟೇಜ್ ಮಾಡಲು ನಿಮ್ಮ ಕಿಟ್‌ನವರು ಒಂದು 100 ಓಮ್ ಇಟ್ಟು, ಮೌನದ 2 ಮಿಲಿಆಂಪ್ ಸರಿದೂಗಿಸಲು +5ರಿಂದ 2.4 ಕಿಲೋ ಓಮ್ ಎಳೆದಿದ್ದಾರೆ. ಅಲ್ಲಿಗೆ ಚಿಪ್ಪಿನ ಪಿನ್ನಿನಲ್ಲಿ ವೋಲ್ಟೇಜ್ ಸೊನ್ನೆಯಿಂದ ಆಚೀಚೆ 200 ಮಿಲಿವೋಲ್ಟ್ ಕುಣಿಯುತ್ತದೆ. ಟ್ಯೂಬಿನ ಮೊದಲ ಅರ್ಧ ಅದನ್ನು 14 ಪಟ್ಟು ಹಿಗ್ಗಿಸಿ, ಎರಡನೇ ಅರ್ಧ ಕ್ಯಾಥೋಡ್ ಫಾಲೋಯರ್ ಆಗಿ (ಹಿಗ್ಗಿಸದೆ, ಮುಂದಿನದನ್ನು ಓಡಿಸುವ ಬಲವನ್ನಷ್ಟೇ ಕೊಡುವ ಜೋಡಣೆ) 2 ವೋಲ್ಟ್ ಹೊರಗೆ ಕೊಡುತ್ತದೆ. ಕಾಗದದ ಮೇಲೆ ಚೆಂದ.

ಆದರೆ ಫಿಲಿಪ್ಸ್‌ನ ಡೇಟಾಶೀಟ್ ಪ್ರಕಾರ ಆ ಪಿನ್ ತಾಳುವ ವೋಲ್ಟೇಜ್ ಆಚೀಚೆ 25 ಮಿಲಿವೋಲ್ಟ್ ಮಾತ್ರ. ಅಷ್ಟರೊಳಗೆ ಇಡಬೇಕೆಂದರೆ ರೆಸಿಸ್ಟರ್ 12 ಓಮ್ ಇರಬೇಕು. ನಿಮ್ಮಲ್ಲಿರುವುದು ಅದರ ಎಂಟು ಪಟ್ಟು. ಜೋರಾದ ಭಾಗಗಳಲ್ಲಿ ಚಿಪ್ಪಿನೊಳಗಿನ ಕರೆಂಟ್ ಸೋರ್ಸುಗಳಿಗೆ ಉಸಿರಾಡಲು ಜಾಗವಿಲ್ಲದೆ ಡಿಸ್ಟಾರ್ಷನ್ ಏರುತ್ತದೆ. 12 ಓಮ್ ಹಾಕಿಬಿಡೋಣ ಎಂದರೆ ಸಿಗ್ನಲ್ ಎಷ್ಟು ಚಿಕ್ಕದಾಗುತ್ತದೆ ಎಂದರೆ ಅದನ್ನು 2 ವೋಲ್ಟಿಗೆ ತರಲು ನೂರು ಪಟ್ಟಿಗಿಂತ ಹೆಚ್ಚು ಹಿಗ್ಗಿಸಬೇಕು, ಇಸಿಸಿ88ರ ಹಿಗ್ಗಿಸುವ ಶಕ್ತಿಯೇ 33. ಟ್ಯೂಬಿನ ಸ್ವಂತ ಶಬ್ದವೂ ಜೊತೆಗೆ ಹಿಗ್ಗುತ್ತದೆ. ಟ್ಯೂಬ್ ಡ್ಯಾಕ್ ಕಟ್ಟುವ ಎಲ್ಲರೂ ಒಂದಲ್ಲ ಒಂದು ದಿನ ಈ ಇಕ್ಕಟ್ಟಿಗೆ ಬಂದು ನಿಲ್ಲುತ್ತಾರೆ.

ನಾನು ಹೇಳುವ ದಾರಿಯಲ್ಲಿ ಪ್ರತಿ ಚಾನೆಲ್‌ಗೆ ಎರಡು ಬಿಸಿ550 ಟ್ರಾನ್ಸಿಸ್ಟರ್ ಬೇಕು. ಅಪ್ಪಟ ಟ್ಯೂಬ್ ಭಕ್ತರು ಮೂಗು ಮುರಿಯಲಿ, ಚಿಪ್ಪಿಗೆ ಇದರಿಂದ ನೆಮ್ಮದಿ. ಒಂದು ಟ್ರಾನ್ಸಿಸ್ಟರಿನ ಎಮಿಟರನ್ನು ನೇರ ಚಿಪ್ಪಿನ ಔಟ್‌ಪುಟ್ಟಿಗೆ ಕೊಡಿ. ಎಡ ಚಾನೆಲ್ 25ನೇ ಪಿನ್, ಬಲ ಚಾನೆಲ್ 6ನೇ ಪಿನ್. ಅದೇ ಎಮಿಟರಿನಿಂದ -15ಕ್ಕೆ 5.1 ಕಿಲೋ ಓಮ್. ಇದರಲ್ಲಿ 3 ಮಿಲಿಆಂಪ್, ಚಿಪ್ಪಿನಲ್ಲಿ 2, ಒಟ್ಟು 5 ಮಿಲಿಆಂಪ್ ಟ್ರಾನ್ಸಿಸ್ಟರಿನಲ್ಲಿ ಹರಿಯುತ್ತದೆ. ಕಲೆಕ್ಟರಿನಿಂದ +15ಕ್ಕೆ 1.5 ಕಿಲೋ ಓಮ್. ಹೊಸ 18-0-18ರ ಇನ್ನೊಂದು ಬದಿಗೆ 7815 ಹಾಕಿದರೆ ಈ +15 ಸಿಗುತ್ತದೆ. ಎರಡನೇ ಟ್ರಾನ್ಸಿಸ್ಟರಿನ ಬೇಸ್, ಕಲೆಕ್ಟರ್ ಕೂಡಿಸಿ ಡಯೋಡಿನಂತೆ ಮಾಡಿ, ಎಮಿಟರನ್ನು ಗ್ರೌಂಡಿಗೆ ಕೊಟ್ಟು, +15ರಿಂದ 2.7 ಕಿಲೋ ಓಮ್ ಮೂಲಕ ಕರೆಂಟ್ ಹರಿಸಿ. ಅದರ ಮೇಲೆ ನಿಲ್ಲುವ 0.65 ವೋಲ್ಟನ್ನು ಮೊದಲ ಟ್ರಾನ್ಸಿಸ್ಟರಿನ ಬೇಸಿಗೆ ಕೊಡಿ, ಅಲ್ಲಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಇರಲಿ. ಎರಡರ ಚಪ್ಪಟೆ ಮುಖಗಳನ್ನು ಒಂದಕ್ಕೊಂದು ಅಂಟಿಸಿ ಹೀಟ್‌ಶ್ರಿಂಕ್ ಕೊಳವೆ ಏರಿಸಿದರೆ ಬಿಸಿ ಸಮವಾಗಿ, ಎಮಿಟರ್ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಹಳೆಯ 100 ಓಮ್ ಮತ್ತು 2.4 ಕಿಲೋ ಓಮ್ ಎರಡನ್ನೂ ಕಿತ್ತುಹಾಕಲು ಮರೆಯಬೇಡಿ.

ಇದರಿಂದ ಆಗುವುದು ಇಷ್ಟು. 5 ಮಿಲಿಆಂಪ್ ಹರಿಯುವ ಟ್ರಾನ್ಸಿಸ್ಟರಿನ ಎಮಿಟರ್ ಚಿಪ್ಪಿಗೆ 5 ಓಮ್‌ನಂತೆ ಕಾಣುತ್ತದೆ. ಕರೆಂಟ್ ಪೂರ್ತಿ ಕುಣಿದರೂ ಪಿನ್ನಿನ ವೋಲ್ಟೇಜ್ ಸುಮಾರು 13 ಮಿಲಿವೋಲ್ಟಿಗಿಂತ ಆಚೆ ಹೋಗುವುದಿಲ್ಲ, 25ರ ಗೆರೆಯೊಳಗೇ ಉಳಿಯಿತು. ಅದೇ ಕರೆಂಟ್ 1.5 ಕಿಲೋ ಓಮ್‌ನಲ್ಲಿ ಹರಿದು ಆಚೀಚೆ 3 ವೋಲ್ಟ್ ಕೊಡುತ್ತದೆ, ಅಂದರೆ 2.1 ವೋಲ್ಟ್ ಆರ್‌ಎಂಎಸ್. ಸಿಡಿ ಪ್ಲೇಯರುಗಳು ಕೊಡುವ ಮಟ್ಟವೇ ಅದು. ಟ್ಯೂಬ್ ಇನ್ನು ಹಿಗ್ಗಿಸುವುದೇ ಬೇಕಿಲ್ಲ, ಬರೀ ಕ್ಯಾಥೋಡ್ ಫಾಲೋಯರ್ ಆಗಿ ಕೂತು ಆಂಪ್ಲಿಫೈಯರನ್ನು ಓಡಿಸಿದರೆ ಸಾಕು. ಕಲೆಕ್ಟರ್ 7.5 ವೋಲ್ಟಿನಲ್ಲಿ ನಿಲ್ಲುವುದರಿಂದ ನೇರ ಟ್ಯೂಬಿನ ಗ್ರಿಡ್‌ಗೆ (ಸಿಗ್ನಲ್ ಒಳಹೋಗುವ ಕಾಲು) ಕೊಡಬಹುದು. ಕ್ಯಾಥೋಡಿನಿಂದ ಗ್ರೌಂಡಿಗೆ 1 ಕಿಲೋ ಓಮ್ ಇಟ್ಟು, ಪ್ಲೇಟಿಗೆ 100 ವೋಲ್ಟ್ ಬರುವಂತೆ ಬಿ ಪ್ಲಸ್ಸನ್ನು (ಟ್ಯೂಬಿನ ಆ 200 ವೋಲ್ಟ್ ಸಪ್ಲೈ) ರೆಸಿಸ್ಟರಿನಿಂದ ಇಳಿಸಿ. ಗ್ರಿಡ್ ಪಿನ್ನಿನ ಬುಡದಲ್ಲೇ 470 ಓಮ್ ಕಾರ್ಬನ್ ರೆಸಿಸ್ಟರ್ ಇರಲೇಬೇಕು. ಇಸಿಸಿ88 ಮೂಲತಃ ಟಿವಿ ಟ್ಯೂನರಿಗಾಗಿ ಮಾಡಿದ ಟ್ಯೂಬ್. ಸುಮ್ಮನೆ ಬಿಟ್ಟರೆ ಕಿವಿಗೆ ಕೇಳದ ಎತ್ತರದಲ್ಲಿ ಆಸಿಲೇಟ್ ಆಗುತ್ತದೆ, ನೀವು ಕಾರಣ ಹುಡುಕುತ್ತಾ ಕೂರುತ್ತೀರಿ. 1.5 ಕಿಲೋ ಓಮ್‌ನ ಜೊತೆ ಸಮಾಂತರವಾಗಿ 2.2 ನ್ಯಾನೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಇಟ್ಟರೆ 48 ಕಿಲೋಹರ್ಟ್ಸ್‌ನಿಂದ ಆಚೆಗಿನ ಕಸ ತಗ್ಗುತ್ತದೆ.

ಹೀಗೆ ಮಾಡಿದಾಗ ಸಿಗ್ನಲ್ಲಿನ ಮೇಲು ಕೆಳಗು ತಿರುಗುತ್ತದೆ, ಎರಡೂ ಚಾನೆಲ್‌ನಲ್ಲಿ ಒಂದೇ ಸಮ. ಮನಸ್ಸಿಗೆ ಕಿರಿಕಿರಿಯಾದರೆ ಎರಡೂ ಸ್ಪೀಕರಿನ ತಂತಿ ಅದಲು ಬದಲು ಮಾಡಿ. ಮತ್ತೊಂದು ಲಾಭ: ಇಸಿಸಿ88ರಲ್ಲಿ ಎರಡು ಟ್ರಯೋಡ್ (ನಾನು ಮೇಲೆ ಹೇಳಿದ ಎರಡು ಅರ್ಧ) ಇರುವುದರಿಂದ ಎರಡು ಚಾನೆಲ್‌ಗೂ ಒಂದೇ ಟ್ಯೂಬ್ ಸಾಕು. ಇನ್ನೊಂದು ಸ್ಪೇರ್ ಆಗಿ ಡಬ್ಬಿ ಸೇರಲಿ. ಟ್ಯೂಬ್ ಕೊಳ್ಳಲು ಇಟ್ಟ ದುಡ್ಡು ಹೀಗೂ ಉಳಿಯುತ್ತದೆ.

ಇನ್ನು ನಿಮ್ಮ 12ಎಯು7. ಒಂಬತ್ತು ಕಾಲು, ಅದೇ ಸಾಕೆಟ್ಟಿಗೆ ಕೂರುತ್ತದೆ, ಅಷ್ಟಕ್ಕೆ ಎಲ್ಲರೂ ಮೋಸ ಹೋಗುವುದು. ಇಸಿಸಿ88ರ ಹೀಟರ್ 4 ಮತ್ತು 5ನೇ ಕಾಲಿನಲ್ಲಿ, 6.3 ವೋಲ್ಟ್. 12ಎಯು7ಗೆ ಅದೇ ಎರಡು ಕಾಲಿನ ನಡುವೆ ಬೇಕಾದದ್ದು 12.6. ಒಂಬತ್ತನೇ ಕಾಲು ಇಸಿಸಿ88ರಲ್ಲಿ ಒಳಗಿನ ಲೋಹದ ಮರೆ, ಸಾಮಾನ್ಯವಾಗಿ ಗ್ರೌಂಡಿಗೆ ಕಟ್ಟಿರುತ್ತಾರೆ; 12ಎಯು7ರಲ್ಲಿ ಅದು ಹೀಟರಿನ ನಡುಬಿಂದು. ಈಗಿನ ಸಾಕೆಟ್ಟಿನಲ್ಲಿ ಅದು ಅರೆಬಿಸಿಯೂ ಆಗುವುದಿಲ್ಲ, ಹೀಟರಿನ ಒಂದು ತುದಿ ಗ್ರೌಂಡಿಗೆ ಕಟ್ಟಿದ್ದರೆ ಅರ್ಧ ಹೀಟರ್ ಶಾರ್ಟ್. ರಷ್ಯಾದ 6ಎನ್23ಪಿ ಸಿಕ್ಕರೆ ಕಣ್ಣು ಮುಚ್ಚಿ ಹಾಕಬಹುದು. 6ಎನ್1ಪಿ ಕಾಲುಗಳು ಹೊಂದುತ್ತವೆ, ಆದರೆ ಹೀಟರ್ 600 ಮಿಲಿಆಂಪ್ ಎಳೆಯುತ್ತದೆ. ಇಸಿಸಿ88 ಎಳೆಯುವುದು 365. ಈಗಿನ ವೈಂಡಿಂಗಿಗೆ ಅದು ಭಾರ, ಹೊಸ 2 ಆಂಪ್ ವೈಂಡಿಂಗಿಗೆ ಹೊರೆಯಲ್ಲ. ಜಾಲಹಳ್ಳಿಯ ಬಿಇಎಲ್‌ನಲ್ಲಿ ಒಂದು ಕಾಲಕ್ಕೆ ರೇಡಿಯೋ ವಾಲ್ವ್ ತಯಾರಾಗುತ್ತಿದ್ದವು. ಅವರ ಇಸಿಸಿ83, ಇಎಲ್84 ಹಳೇ ರೇಡಿಯೋ ರಿಪೇರಿಯವರ ಡಬ್ಬಿಗಳಲ್ಲಿ ಈಗಲೂ ಕಣ್ಣಿಗೆ ಬೀಳುತ್ತವೆ. ಸಿಕ್ಕಿದರೆ ತೆಗೆದಿಡಿ, ಆಂಪ್ಲಿಫೈಯರ್ ಕಟ್ಟಲು ಬರುತ್ತವೆ, ಈ ಸಾಕೆಟ್ಟಿಗಲ್ಲ.

ಕಿರೀಟದ ಗುರುತಿನ ಚಿಪ್. ಟಿಡಿಎ1541ಎ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಆರಿಸಿ ತೆಗೆದ ಉತ್ತಮ ಚಿಪ್ಪುಗಳ ಮೇಲೆ ಫಿಲಿಪ್ಸ್‌ನವರು ಕಿರೀಟ ಹಾಕುತ್ತಿದ್ದರು, ಅದು ನಿಜ. ಆದರೆ ಇವತ್ತು ಮಾರಾಟಕ್ಕೆ ಬರುವವುಗಳಲ್ಲಿ ಸಾದಾ ಚಿಪ್ಪಿನ ಮೈ ಉಜ್ಜಿ ಹೊಸದಾಗಿ ಕಿರೀಟ ಅಚ್ಚು ಹಾಕಿದವೂ ಬೇಕಾದಷ್ಟಿವೆ. ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಚ್ಚಿ ಒರೆಸಿದರೆ ಕೆಲವು ಅಲ್ಲೇ ಬಣ್ಣ ಬಿಡುತ್ತವೆ. ನಿಮ್ಮ ಚಿಪ್ ಕೆಲಸ ಮಾಡುತ್ತಿದೆ, ಇರಲಿ ಬಿಡಿ. ಅದರ ಸುತ್ತ ಇರುವ ಹದಿನಾಲ್ಕು 0.1 ಮೈಕ್ರೋಫ್ಯಾರಡ್ ಕೆಪಾಸಿಟರುಗಳತ್ತ ನೋಡಿ. ಒಳಗಿನ ಬಿಟ್ ಕರೆಂಟುಗಳನ್ನು ಸರಾಸರಿ ಮಾಡಿ ಸಮ ಮಾಡುವ ಕೆಲಸಕ್ಕೆ ಅವು ಬೇಕು. ಫೋಟೋದಲ್ಲಿ ಅಲ್ಲಿರುವುದು ಸೆರಾಮಿಕ್ ಬಿಲ್ಲೆಗಳು. ಅಷ್ಟೇ ಮೈಕ್ರೋಫ್ಯಾರಡ್‌ನ, 63 ವೋಲ್ಟಿನ ಫಿಲ್ಮ್ ಕೆಪಾಸಿಟರುಗಳನ್ನು ಪಿನ್ನಿಗೆ ಒತ್ತಿಕೊಂಡಂತೆ, ಕಾಲು ಗಿಡ್ಡ ಮಾಡಿ ಹಾಕಿ. ಕಿರೀಟಕ್ಕಿಂತ ಇದರಲ್ಲಿ ಗುಣ ಜಾಸ್ತಿ.

ಚಿಪ್ಪಿಗೆ ತಾಳ ಹಾಕುವ ಕ್ಲಾಕ್‌ನ ಬದಲಾವಣೆ, ಆ ತಾಳ ತಿದ್ದುವ ರೀಕ್ಲಾಕಿಂಗ್ ಬೋರ್ಡು ಎಲ್ಲ ಇವೆಲ್ಲ ಮುಗಿದ ಮೇಲೆ. ಸಪ್ಲೈ ಅಲುಗುತ್ತಿರುವಾಗ ಕ್ಲಾಕ್ ತಿದ್ದಿ ಏನೂ ಸಿಗುವುದಿಲ್ಲ.

ಒಂದು ವಿಷಯ ಮಾತ್ರ ಮೊದಲೇ ಗೊತ್ತಿರಲಿ. ಡಿಜಿಟಲ್ ಫಿಲ್ಟರ್ ಇಲ್ಲದ ನಿಮ್ಮಂಥ ಡ್ಯಾಕ್‌ನಲ್ಲಿ, 44.1 ಕಿಲೋಹರ್ಟ್ಸ್ ಸಿಡಿ ಹಾಕಿದಾಗ ಮೇಲಿನ ಸ್ವರಗಳು ತಾವಾಗಿ ಇಳಿಯುತ್ತವೆ: 10 ಕಿಲೋಹರ್ಟ್ಸ್‌ನಲ್ಲಿ 0.75 ಡೆಸಿಬೆಲ್, 20ರಲ್ಲಿ 3.2. ಮೆಟ್ಟಿಲು ಮೆಟ್ಟಿಲಾದ ಅಲೆಯ ಗಣಿತವೇ ಹಾಗೆ, ಟ್ಯೂಬಿಗೆ ಸಂಬಂಧವಿಲ್ಲ. ಟ್ಯೂಬಿನ ಮೃದುತನ ಎಂದು ಹಾಡಿ ಹೊಗಳುವುದರಲ್ಲಿ ಒಂದಷ್ಟು ಈ ಇಳಿತಕ್ಕೆ ಸಲ್ಲಬೇಕಾದದ್ದು ಎಂದು ನನ್ನ ಅಭಿಪ್ರಾಯ. ವೀಣೆ, ನಾದಸ್ವರ, ಹಳೇ ಧ್ವನಿಮುದ್ರಣಗಳಿಗೆ ಅದು ಒಪ್ಪುತ್ತದೆ, ಹಾಗಾಗಿ ನಾನು ತಿದ್ದಲು ಹೇಳುವುದಿಲ್ಲ. ನಾನು ಹೇಳಿದ 2.2 ನ್ಯಾನೋ ಕೆಪಾಸಿಟರ್ 20 ಕಿಲೋಹರ್ಟ್ಸ್‌ನಲ್ಲಿ ಇನ್ನೊಂದು 0.7 ಡೆಸಿಬೆಲ್ ಇಳಿಸುತ್ತದೆ. ಸದ್ದು ಮಂಕೆನಿಸಿದರೆ 1 ನ್ಯಾನೋ ಹಾಕಿ.

ಇದನ್ನು ಓದಿ ಹೊಸದಾಗಿ ಶುರು ಮಾಡುವವರಿಗೆ ಎರಡು ಮಾತು. ಈಗ ಟಿಡಿಎ1541ಎ ಹುಡುಕಿ ಹೋಗಬೇಡಿ. ಪಿಸಿಎಂ5102ಎ ಬೋರ್ಡ್ 3.3 ವೋಲ್ಟಿನಲ್ಲಿ ಓಡಿ ನೇರ 2.1 ವೋಲ್ಟ್ ಕೊಡುತ್ತದೆ, ಕರೆಂಟ್ ಪರಿವರ್ತನೆಯ ಈ ತಲೆನೋವೇ ಇಲ್ಲ. ಅದರ ಮುಂದೆ ಟ್ಯೂಬ್ ಬೇಕೆನಿಸಿದರೆ ಫಾಲೋಯರ್ ಒಂದನ್ನೇ ಕಟ್ಟಿ. ಹಿಗ್ಗಿಸುವ ಟ್ಯೂಬ್ ಹಾಕಿದರೆ ಆಂಪ್ಲಿಫೈಯರಿನ ಇನ್‌ಪುಟ್ ಉಕ್ಕಿ ಹೋಗುತ್ತದೆ.

ನಿಮ್ಮ ಹದಿನೈದು ಸಾವಿರದಲ್ಲಿ ಟ್ರಾನ್ಸ್‌ಫಾರ್ಮರ್, ರೆಗ್ಯುಲೇಟರುಗಳು, ಹೀಟ್‌ಸಿಂಕ್, ಫ್ಯಾನ್ ಕೆಪಾಸಿಟರ್, ಟ್ರಾನ್ಸಿಸ್ಟರು, ಮೂರು ಪಿನ್ನಿನ ಕೇಬಲ್ ಎಲ್ಲ ಬಂದೂ ಬಹುಪಾಲು ಉಳಿಯುತ್ತದೆ. ಉಳಿದದ್ದಕ್ಕೆ ಒಂದು ಚಿಕ್ಕ ಡಿಜಿಟಲ್ ಆಸಿಲೋಸ್ಕೋಪ್ ಕೊಂಡರೆ ಮುಂದಿನ ಪ್ರಶ್ನೆಗಳಿಗೆ ಅರ್ಧ ಉತ್ತರ ನಿಮಗೇ ಸಿಗುತ್ತದೆ.

ಟ್ರಾನ್ಸ್‌ಫಾರ್ಮರ್ ಸುತ್ತಿಸುವ ಮೊದಲು ಈ ಅಳತೆಗಳನ್ನು ಬರೆದು ಕಳಿಸಿ: ಸಂಜೆ ಏಳೂವರೆಗೆ ಮತ್ತು ರಾತ್ರಿ ಹನ್ನೊಂದಕ್ಕೆ ಲೈನ್ ವೋಲ್ಟೇಜ್, ಅದೇ ಎರಡು ಹೊತ್ತಿನಲ್ಲಿ 7915ರ ಒಳಗೆ ಹೊರಗೆ ಎಷ್ಟು, ಟ್ಯೂಬಿನ ಹೀಟರಿನಲ್ಲಿ ಎಷ್ಟು, ಬಿ ಪ್ಲಸ್ ಎಷ್ಟು. ಪ್ಲೇಟಿಗೆ 100 ವೋಲ್ಟ್ ಇಳಿಸುವ ರೆಸಿಸ್ಟರ್ ಎಷ್ಟು ಓಮ್ ಇರಬೇಕು ಎನ್ನುವುದು ಈ ಕೊನೆಯದರ ಮೇಲೆ ನಿಂತಿದೆ, ಲೆಕ್ಕ ಹಾಕಿ ತಿಳಿಸುತ್ತೇನೆ. ಬಿ ಪ್ಲಸ್ ಅಳೆಯುವಾಗ ಮೀಟರಿನ ಕಪ್ಪು ತಂತಿಯನ್ನು ಕ್ಲಿಪ್ ಹಾಕಿ ಗ್ರೌಂಡಿಗೆ ಮೊದಲೇ ಕಚ್ಚಿಸಿ, ಕೆಂಪು ತಂತಿಯನ್ನು ಒಂದೇ ಕೈಯಲ್ಲಿ ಹಿಡಿಯಿರಿ, ಇನ್ನೊಂದು ಕೈ ಬೆನ್ನ ಹಿಂದೆ ಇರಲಿ.